ನಿಮಗಿದು ಗೊತ್ತೇ? ‘ಗಾಡ್‌ಫಾದರ್’ ಮೂರನೆಯ ಭಾಗ: ತೀರ್ಪು ಬರೆಯುವ ಮುನ್ನ

‘ದ ಗಾಡ್‌ಫಾದರ್ ಪಾರ್ಟ್ 3’ ಎಂಬ ಹೆಸರು ಆ ಚಿತ್ರವನ್ನು ಬರೆದವರು ಇಟ್ಟದ್ದಲ್ಲ. ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಮತ್ತು ಕಾದಂಬರಿಕಾರ ಮಾರಿಯೊ ಪುಜೊ ಬಯಸಿದ್ದ ಹೆಸರು ‘ದ ಡೆತ್ ಆಫ್ ಮೈಕೆಲ್ ಕಾರ್ಲಿಯೋನೆ’. ಪ್ಯಾರಮೌಂಟ್ ಸ್ಟುಡಿಯೊ ಒಪ್ಪಲಿಲ್ಲ. ಈ ಚಿತ್ರದ ಮೇಲೆ ಬಂದ ದೂರುಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಅಲ್ಲಿಯೇ ಎಂಬುದು ನನ್ನ ನಂಬಿಕೆ. ಮೂರನೆಯ ಭಾಗ ಎಂದಮೇಲೆ ಅದು ಮೊದಲೆರಡರ ಹೆಗಲೆಣೆಯಾಗಿ ನಿಲ್ಲಬೇಕೆಂದು ಜನ ಕಾದು ಕುಳಿತರು. ಕೊಪೊಲಾ ತೆಗೆಯಹೊರಟದ್ದು ಬೇರೆಯೇ ಕಥೆ: ಗೆದ್ದು ಮುಗಿಸಿದ ಮಾಫಿಯಾ ನಾಯಕ ಮೈಕೆಲ್ ಮುಪ್ಪಿನಲ್ಲಿ ಲೆಕ್ಕ ಒಪ್ಪಿಸುವ ಕಥೆ.

ಮೊದಲ ಭಾಗ ತೆರೆಗೆ ಬಂದದ್ದು 1972ರ ಮಾರ್ಚ್‌ನಲ್ಲಿ, ಎರಡನೆಯದು 1974ರ ಡಿಸೆಂಬರ್‌ನಲ್ಲಿ. ಮೂರನೆಯದಕ್ಕೆ ಪ್ರೇಕ್ಷಕರು 1990ರ ಕ್ರಿಸ್‌ಮಸ್‌ವರೆಗೆ, ಅಂದರೆ 16 ವರ್ಷ ಕಾಯಬೇಕಾಯಿತು.

ಮೊದಲನೆಯದಕ್ಕೆ ಮೂರು ಆಸ್ಕರ್, ಎರಡನೆಯದಕ್ಕೆ ಆರು. ಮೂರನೆಯದು ಏಳು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ. ಆದರೆ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಮೂರೂ ಭಾಗಗಳು ಇದ್ದವು ಎಂಬುದನ್ನು ಅದನ್ನು ‘ಸೋತ ಚಿತ್ರ’ ಎನ್ನುವವರು ಮರೆಯುತ್ತಾರೆ. ಹಣದ ಲೆಕ್ಕದಲ್ಲೂ ಅದು ಮುಳುಗಲಿಲ್ಲ. ಸುಮಾರು 5.4 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ 13 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ 1974ರಲ್ಲಿ ಎರಡನೆಯ ಭಾಗಕ್ಕೆ ಕೊಟ್ಟದ್ದು ನಾಲ್ಕರಲ್ಲಿ ಮೂರು ನಕ್ಷತ್ರ. 1990ರಲ್ಲಿ ಮೂರನೆಯ ಭಾಗಕ್ಕೆ ಕೊಟ್ಟದ್ದು ಮೂರೂವರೆ.

ಕೊಪೊಲಾ ಈ ಚಿತ್ರಕ್ಕೆ ಒಪ್ಪಿದ್ದೇಕೆ? ಸಾಲ. 1982ರಲ್ಲಿ ಬಂದ ‘ಒನ್ ಫ್ರಮ್ ದ ಹಾರ್ಟ್’ ಚಿತ್ರ ನೆಲಕಚ್ಚಿ ಅವರ ಜೋಯಿಟ್ರೋಪ್ ಸ್ಟುಡಿಯೊ ಕೈತಪ್ಪಿತ್ತು. ಮುಂದಿನ ಹತ್ತಿರ ಹತ್ತಿರ ಹತ್ತು ವರ್ಷ ಅವರು ಸಾಲಗಾರರಿಗಾಗಿ ಸಿನಿಮಾ ತೆಗೆದರು ಎಂದರೂ ನಡೆಯುತ್ತದೆ. ಮೂರನೆಯ ಭಾಗ ಬೇಡವೆಂದು ವರ್ಷಗಟ್ಟಲೆ ತಳ್ಳಿಹಾಕುತ್ತ ಬಂದವರು ಕೊನೆಗೆ ಹಣದ ಅಗತ್ಯಕ್ಕೆ ಮಣಿದದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಚಿತ್ರಕಥೆ ಬರೆಯಲು ಅವರು ಕೇಳಿದ್ದು ಆರು ತಿಂಗಳು, ಸ್ಟುಡಿಯೊ ಕೊಟ್ಟದ್ದು ಆರು ವಾರ. ವ್ಯಾಟಿಕನ್‌ನ ಬ್ಯಾಂಕು, ಪೋಪ್ ಸಾವು, ಸಿಸಿಲಿಯ ಒಳಸಂಚು, ಒಂದು ಪ್ರೇಮಕಥೆ, ಒಂದು ಆಪೆರಾ ಇಷ್ಟನ್ನೂ ಆರು ವಾರದಲ್ಲಿ ಹೆಣೆಯಬೇಕಿತ್ತು. ನಡುವಿನ ಒಂದು ಗಂಟೆಯಲ್ಲಿ ಯಾರು ಯಾರಿಗೆ ಏನು ಮಾರುತ್ತಿದ್ದಾರೆಂದು ತಿಳಿಯದೆ ನೋಡುಗ ಒದ್ದಾಡುವುದು ನಿಜ. ಅದು ಚಿತ್ರದ ದೋಷವೇ. ಆ ದೋಷ ಎಲ್ಲಿಂದ ಬಂತು ಎಂಬುದೂ ತೀರ್ಪಿನಲ್ಲಿ ಸೇರಬೇಕು.

ಟಾಮ್ ಹೇಗನ್ ಎಲ್ಲಿ ಹೋದ? ಮೊದಲೆರಡು ಭಾಗಗಳಲ್ಲಿ ಕಾರ್ಲಿಯೋನೆ ಮನೆಯ ವಕೀಲನೂ ಸಾಕುಮಗನೂ ಆಗಿದ್ದ ಆ ಪಾತ್ರ ಮಾಡಿದ ರಾಬರ್ಟ್ ಡುವಾಲ್ ಮೂರನೆಯದಕ್ಕೆ ಬರಲಿಲ್ಲ. ಸಂಭಾವನೆ ಜಗಳವೇ ಕಾರಣ. ಮೈಕೆಲ್ ಪಾತ್ರದ ಅಲ್ ಪಚೀನೊಗೆ ತನ್ನ ಎರಡು ಪಟ್ಟು ಕೊಟ್ಟರೆ ಒಪ್ಪಬಹುದು, ಮೂರು ನಾಲ್ಕು ಪಟ್ಟು ಕೊಡುವುದಾದರೆ ತಾನಿಲ್ಲ ಎಂಬುದು ಅವರು ಬಹಿರಂಗವಾಗಿ ಹೇಳಿದ ಮಾತಿನ ಸಾರ. ಹೀಗಾಗಿ ಹೇಗನ್ ತೀರಿಕೊಂಡ ಎಂದು ಚಿತ್ರಕಥೆಯಲ್ಲಿ ಬರೆಯಲಾಯಿತು. ಅವನ ಮಗ ಪಾದ್ರಿಯಾಗಿ ಬರುತ್ತಾನೆ, ವಕೀಲನ ಕುರ್ಚಿಯಲ್ಲಿ ಜಾರ್ಜ್ ಹ್ಯಾಮಿಲ್ಟನ್ ನಿರ್ವಹಿಸಿದ ಹೊಸ ಪಾತ್ರ ಕೂರುತ್ತದೆ. ನಿರ್ದೇಶಕರ ಮಗಳು ಸೋಫಿಯಾ ಕೊಪೊಲಾ ಅವರ ನಟನೆಯ ಬಗ್ಗೆ ಮೂವತ್ತು ವರ್ಷ ಮಾತಾಡಿದವರು ಈ ಖಾಲಿ ಜಾಗದ ಬಗ್ಗೆ ಅಷ್ಟು ಮಾತಾಡಲಿಲ್ಲ. ಚಿತ್ರಕ್ಕೆ ತಗುಲಿದ ದೊಡ್ಡ ಪೆಟ್ಟು ಇದು. ಮೈಕೆಲ್‌ನ ಎದುರು ನಿಂತು ‘ಇದು ತಪ್ಪು’ ಎನ್ನಬಲ್ಲ ಹಳೆಯ ಗಂಡಸು ಆ ಮನೆಯಲ್ಲಿ ಉಳಿಯಲೇ ಇಲ್ಲ.

ಸೋಫಿಯಾ ವಿಚಾರಕ್ಕೆ ಬರೋಣ. ಮೈಕೆಲ್‌ನ ಮಗಳು ಮೇರಿಯ ಪಾತ್ರಕ್ಕೆ ಗೊತ್ತಾಗಿದ್ದವರು ವಿನೋನಾ ರೈಡರ್. ಶೂಟಿಂಗ್ ಶುರುವಾದ ಮೇಲೆ ರೋಮ್‌ಗೆ ಬಂದಿಳಿದ ಅವರು ಅನಾರೋಗ್ಯದಿಂದ ಹಿಂದೆ ಸರಿದರು. ಆಗ ರೋಮ್‌ನಲ್ಲಿ ತಂದೆಯ ಬಳಿ ಇದ್ದ 18 ವರ್ಷದ ಸೋಫಿಯಾಗೆ ಆ ಪಾತ್ರ ಬಂತು. ಸ್ಟುಡಿಯೊದವರು ಬೇಡವೆಂದರು, ಹೆಸರಿರುವ ನಟಿಯನ್ನು ತರೋಣ ಎಂದರು. ಕೊಪೊಲಾ ಪಟ್ಟು ಬಿಡಲಿಲ್ಲ. ಪರಿಣಾಮ: ವರ್ಷದ ಕಳಪೆ ಚಿತ್ರಗಳಿಗೆ ಕೊಡುವ ರಾಝಿ ‘ಪ್ರಶಸ್ತಿ’ಗಳಲ್ಲಿ ಎರಡು ಆ ಹುಡುಗಿಯ ಪಾಲಿಗೆ ಬಂದವು. ಕೆಟ್ಟ ಪೋಷಕ ನಟಿ, ಕೆಟ್ಟ ಹೊಸ ಮುಖ.

ಆ ನಟನೆಯನ್ನು ಈಗ ಮತ್ತೆ ನೋಡಿದರೆ? ಸಂಭಾಷಣೆ ಒಪ್ಪಿಸುವಾಗ ಅವರಿಗೆ ಅನುಭವ ಸಾಲದು, ಪ್ರೇಮದ ದೃಶ್ಯಗಳು ಸಪ್ಪೆ. ಮೇರಿಯ ಪ್ರೇಮಿ ವಿನ್ಸೆಂಟ್ ಆಗಿ ನಟಿಸಿದ ಆಂಡಿ ಗಾರ್ಸಿಯಾ ಪಕ್ಕದಲ್ಲಿ ನಿಂತಾಗ ಅದು ಇನ್ನೂ ಎದ್ದು ಕಾಣುತ್ತದೆ. ಆದರೆ ಮೇರಿ ಎನ್ನುವವಳು ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯದೆ ಬೆಳೆದ, ಇನ್ನೂ ಮೈಮನಸ್ಸು ಗಟ್ಟಿಯಾಗದ ಹುಡುಗಿ. ಆ ಕಸಿವಿಸಿ, ಕೈಕಾಲು ಎಲ್ಲಿಡಬೇಕೆಂದು ತೋಚದ ಆ ನಿಲುವು ಪಾತ್ರಕ್ಕೆ ಹೊಂದುತ್ತದೆ. ನುರಿತ ನಟಿಯೊಬ್ಬಳು ಕೊನೆಯಲ್ಲಿ ಗುಂಡು ತಗಲಿದಾಗ ಆಪೆರಾ ಮಂದಿರದ ಮೆಟ್ಟಿಲ ಮೇಲೆ ಅಷ್ಟು ಅಸಹಾಯಕಳಾಗಿ ಅಪ್ಪನನ್ನು ಕರೆಯುತ್ತಿದ್ದಳೋ ಇಲ್ಲವೋ, ನನಗೆ ಸಂಶಯ.

ತಂದೆಯ ಮಾತು ಕೇಳಿ. ಚಿತ್ರದಲ್ಲಿ ಮೈಕೆಲ್‌ಗೆ ಇಟ್ಟ ಗುಂಡು ಮಗಳಿಗೆ ತಗಲುತ್ತದೆ. ತನಗೆ ಇಟ್ಟಿದ್ದ ಟೀಕೆಯ ಗುಂಡೂ ಹಾಗೆಯೇ ತನ್ನ ಮಗಳಿಗೆ ತಗಲಿತು ಎಂಬರ್ಥದ ಮಾತನ್ನು ಕೊಪೊಲಾ ಹಲವು ಸಲ ಆಡಿದ್ದಾರೆ. ಇದರ ಹಿಂದೆ ಇನ್ನೊಂದು ನೋವೂ ಇದೆ. 1986ರಲ್ಲಿ ಅವರ ಹಿರಿಯ ಮಗ ಜಾನ್ ಕಾರ್ಲೊ 22ನೆಯ ವಯಸ್ಸಿನಲ್ಲಿ ದೋಣಿ ಅಪಘಾತದಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ ಆ ತಂದೆ ಮಗುವನ್ನು ಕಳೆದುಕೊಂಡ ಅಪ್ಪನ ಕಥೆ ತೆಗೆದರು.

ಸೋಫಿಯಾ ಇರುವುದು ಮೂರನೆಯ ಭಾಗದಲ್ಲಿ ಮಾತ್ರವಲ್ಲ. 1972ರ ಚಿತ್ರದ ಕೊನೆಯಲ್ಲಿ ಬ್ಯಾಪ್ಟಿಸಂ ನಡೆಯುವ ಗಂಡುಮಗು ಅವರೇ, ಆಗಷ್ಟೇ ಹುಟ್ಟಿದ್ದ ಹೆಣ್ಣುಕೂಸು. ಎರಡನೆಯ ಭಾಗದಲ್ಲಿ ವಲಸಿಗರ ಹಡಗಿನ ಮೇಲೆ ಕಾಣುವ ಮಕ್ಕಳಲ್ಲೂ ಅವರಿದ್ದಾರೆ.

ಅದೇ ಸೋಫಿಯಾ ಮುಂದೆ ಕ್ಯಾಮೆರಾದ ಹಿಂದೆ ಹೋದರು. 2004ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರಕಥೆಗೆ ಆಸ್ಕರ್ ಪಡೆದರು, ನಿರ್ದೇಶನಕ್ಕೆ ನಾಮನಿರ್ದೇಶನವನ್ನೂ ಪಡೆದರು. ಅಜ್ಜ ಕಾರ್ಮೈನ್ ಎರಡನೆಯ ‘ಗಾಡ್‌ಫಾದರ್’ನ ಸಂಗೀತಕ್ಕೆ, ಅಪ್ಪ ಫ್ರಾನ್ಸಿಸ್, ಮಗಳು ಸೋಫಿಯಾ: ಮೂರು ತಲೆಮಾರಿಗೆ ಆಸ್ಕರ್ ಬಂದ ಮನೆಗಳಲ್ಲಿ ಇದು ಎರಡನೆಯದು. ಮೊದಲನೆಯದು ಹ್ಯೂಸ್ಟನ್ ಮನೆತನ.

ತೆರೆಯ ಮೇಲೆ ಮೈಕೆಲ್‌ನ ತಂಗಿ ಕಾನಿ, ಅಂದರೆ ಟಾಲಿಯಾ ಶೈರ್, ನಿರ್ದೇಶಕರ ಒಡಹುಟ್ಟಿದ ತಂಗಿ.

ಅಜ್ಜ ಕಾರ್ಮೈನ್ ಕೊಪೊಲಾ ಮೂರನೆಯ ಭಾಗದ ಹಾಡಿಗೆ ನಾಮನಿರ್ದೇಶನ ಪಡೆದಿದ್ದರು. ಪ್ರಶಸ್ತಿ ಸಮಾರಂಭ ನಡೆದು ಸುಮಾರು ಒಂದು ತಿಂಗಳಿಗೆ, 1991ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು.

ಈಗ ವ್ಯಾಟಿಕನ್ ಕಥೆ. ಅತಿಯಾಯಿತು, ಇದೆಲ್ಲ ನಡೆಯುವ ಮಾತೇ ಎಂದು ಅನೇಕರು ಅಂದದ್ದು ಈ ಭಾಗಕ್ಕೆ. ಆದರೆ ಚಿತ್ರದಲ್ಲಿ ಕಲ್ಪನೆ ಎಷ್ಟಿದೆಯೋ ವಾಸ್ತವವೂ ಅಷ್ಟೇ ಇದೆ. ಮೈಕೆಲ್ ಕೊಳ್ಳಹೊರಟ ‘ಇಮೊಬಿಲಿಯಾರೆ’ ಎಂಬ ಆಸ್ತಿ ಕಂಪನಿಯ ಹಿಂದೆ ನಿಜವಾದ ಕಂಪನಿಯಿದೆ. ರೋಮ್‌ನ ಸೊಸಿಯೆತಾ ಜೆನರಾಲೆ ಇಮೊಬಿಲಿಯಾರೆಯಲ್ಲಿ ವ್ಯಾಟಿಕನ್‌ನ ದೊಡ್ಡ ಪಾಲಿತ್ತು, ಆ ಪಾಲನ್ನು ಕೊಂಡವನು ಸಿಸಿಲಿಯ ಬ್ಯಾಂಕರ್ ಮಿಕೆಲೆ ಸಿಂಡೋನಾ. ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡ ಸಮುಚ್ಚಯವನ್ನು ಕಟ್ಟಿಸಿದ್ದೂ ಇದೇ ಕಂಪನಿ! ಸಿಂಡೋನಾ 1986ರಲ್ಲಿ ಇಟಲಿಯ ಜೈಲಿನಲ್ಲಿ ಸಯನೈಡ್ ಬೆರೆತ ಕಾಫಿ ಕುಡಿದು ಸತ್ತ.

ಚಿತ್ರದ ಆರ್ಚ್‌ಬಿಷಪ್ ಗಿಲ್ಡೆ ಎಂಬ ಪಾತ್ರ ನೆನಪಿಸುವುದು 1971ರಿಂದ 1989ರವರೆಗೆ ವ್ಯಾಟಿಕನ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅಮೆರಿಕದ ಆರ್ಚ್‌ಬಿಷಪ್ ಪಾಲ್ ಮಾರ್ಸಿಂಕಸ್ ಅವರನ್ನು. ಆ ಬ್ಯಾಂಕಿನ ಜೊತೆ ವ್ಯವಹಾರವಿಟ್ಟಿದ್ದ ಬ್ಯಾಂಕೊ ಅಂಬ್ರೋಸಿಯಾನೊ 1982ರಲ್ಲಿ ನೂರು ಕೋಟಿ ಡಾಲರ್‌ಗೂ ಮೀರಿದ ಸಾಲದೊಂದಿಗೆ ಕುಸಿಯಿತು. ಅದರ ಅಧ್ಯಕ್ಷ ರೊಬೆರ್ತೊ ಕಾಲ್ವಿಗೆ ‘ದೇವರ ಬ್ಯಾಂಕರ್’ ಎಂಬ ಅಡ್ಡಹೆಸರಿತ್ತು. 1982ರ ಜೂನ್ 18ರ ಬೆಳಗ್ಗೆ ಲಂಡನ್‌ನ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಕೆಳಗೆ ಅವನ ಶವ ನೇತಾಡುತ್ತಿತ್ತು, ಬಟ್ಟೆಯೊಳಗೆ ಇಟ್ಟಿಗೆ ಚೂರುಗಳಿದ್ದವು. ಮೊದಲು ಆತ್ಮಹತ್ಯೆ ಎಂದರು. ಇಪ್ಪತ್ತು ವರ್ಷದ ನಂತರ ಇಟಲಿಯ ವಿಧಿವಿಜ್ಞಾನ ತಜ್ಞರು ಕೊಲೆ ಎಂದರು. ವಿಚಾರಣೆಗೆ ಒಳಗಾದ ಐವರೂ 2007ರಲ್ಲಿ ಖುಲಾಸೆಯಾದರು. ಚಿತ್ರದಲ್ಲಿ ಸ್ವಿಸ್ ಬ್ಯಾಂಕರ್ ಕೈನ್ಸಿಗ್‌ನನ್ನು ಕೊಂದು ಸೇತುವೆಗೆ ನೇತುಹಾಕುವ ದೃಶ್ಯ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಅಂಬ್ರೋಸಿಯಾನೊಗೆ ಸಾಲ ಕೊಟ್ಟವರಿಗೆ ವ್ಯಾಟಿಕನ್ ಬ್ಯಾಂಕು 1984ರಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಟ್ಟಿತು. ಕಾನೂನಿನ ಹೊಣೆಯಿಂದಲ್ಲ, ನೈತಿಕ ಹೊಣೆಯಿಂದ ಎಂದು ಹೇಳಿ ಕೊಟ್ಟಿತು.

ಪೋಪ್ ಸಾವು? ಒಂದನೆಯ ಜಾನ್ ಪಾಲ್ 1978ರ ಆಗಸ್ಟ್ 26ರಂದು ಆಯ್ಕೆಯಾಗಿ, ಪಟ್ಟವೇರಿದ 33 ದಿನಕ್ಕೆ ತೀರಿಕೊಂಡರು. ಹೃದಯಾಘಾತ ಎಂದಿತು ವ್ಯಾಟಿಕನ್. 1984ರಲ್ಲಿ ಬಂದ ಡೇವಿಡ್ ಯಾಲಪ್ ಅವರ ಪುಸ್ತಕವೊಂದು ವಿಷಪ್ರಾಶನದ ಅನುಮಾನ ಎತ್ತಿತು. ಆ ಅನುಮಾನಕ್ಕೆ ಪುರಾವೆ ಸಿಕ್ಕಿಲ್ಲ. ಕೊಪೊಲಾ ಮತ್ತು ಪುಜೊ ಆ ಅನುಮಾನವನ್ನೇ ಕಥೆಗೆ ಎತ್ತಿಕೊಂಡು, ಚಿತ್ರದ ಕಾಲಕ್ಕೆ ಹೊಂದಲೆಂದು ಘಟನೆಯನ್ನು ಮುಂದೂಡಿ ಕೂರಿಸಿದರು. ನಿಜವಾದ ಆ ಪೋಪರನ್ನು 2022ರ ಸೆಪ್ಟೆಂಬರ್‌ನಲ್ಲಿ ಕ್ಯಾಥೊಲಿಕ್ ಚರ್ಚು ‘ಧನ್ಯ’ರೆಂದು ಘೋಷಿಸಿತು.

ಚಿತ್ರವನ್ನು ಅರ್ಪಿಸಿರುವುದು ಚಾರ್ಲ್ಸ್ ಬ್ಲೂಡಾರ್ನ್ ಅವರಿಗೆ. 1983ರಲ್ಲಿ ತೀರಿಕೊಂಡ ಇವರು ಪ್ಯಾರಮೌಂಟ್‌ನ ಒಡೆತನವಿದ್ದ ಗಲ್ಫ್ ಆ್ಯಂಡ್ ವೆಸ್ಟರ್ನ್ ಕಂಪನಿಯ ಮುಖ್ಯಸ್ಥರು. ಸಿಂಡೋನಾ ಜೊತೆ ವ್ಯವಹಾರ ಮಾಡಿದ್ದವರು. ವ್ಯಾಟಿಕನ್ ಹಣದ ಕಥೆಗೆ ಪ್ರೇರಣೆ ಅವರಿಂದಲೇ ಬಂದದ್ದು. ಹಣದ ದೊಡ್ಡ ಮನೆಗಳಲ್ಲಿ ಕಳ್ಳರೂ ಸಂತರೂ ಒಂದೇ ಮೇಜಿಗೆ ಕೂರುತ್ತಾರೆ ಎನ್ನುವ ಚಿತ್ರದ ಮಾತು ಕಟ್ಟುಕಥೆಯಲ್ಲ.

ಇಟಲಿಯ ರಾಜಕಾರಣಿ ಲುಕ್ಕೇಸಿಯ ಪಾತ್ರವನ್ನು ಗಮನಿಸಿ. ದಪ್ಪ ಕನ್ನಡಕ, ಮೆಲುದನಿ. ಅವನನ್ನು ಕೊಲ್ಲುವ ಮುನ್ನ ಕಿವಿಯಲ್ಲಿ ಉಸುರುವ ಮಾತಿನ ಅರ್ಥ ಇಷ್ಟು: ಅಧಿಕಾರ ಸವೆಸುವುದು ಅದು ಇಲ್ಲದವರನ್ನು. ಇದು ಏಳು ಬಾರಿ ಇಟಲಿಯ ಪ್ರಧಾನಿಯಾಗಿದ್ದ ಜೂಲಿಯೊ ಆಂದ್ರೆಯೊತ್ತಿ ಅವರ ಹೆಸರಿನ ಜೊತೆಗೇ ಅಂಟಿಕೊಂಡ ಮಾತು. ಚಿತ್ರ ಬಿಡುಗಡೆಯಾದಾಗ ಅವರು ಪ್ರಧಾನಿಯ ಕುರ್ಚಿಯಲ್ಲೇ ಇದ್ದರು. ಎಂಥ ಧೈರ್ಯ!

ಜೋಯಿ ಝಾಸಾ ಎಂಬ ಷೋಕಿ ಡಾನ್ ಇಟಾಲಿಯನ್-ಅಮೆರಿಕನ್ನರ ಮಾನ ಕಾಯುವ ಸಂಘ ಕಟ್ಟಿಕೊಂಡು, ಬೀದಿ ಉತ್ಸವದ ನಡುವೆ ಗುಂಡಿಗೆ ಬಲಿಯಾಗುತ್ತಾನೆ. ಇದರ ಹಿಂದಿನ ನೆರಳು ನ್ಯೂಯಾರ್ಕಿನ ಮಾಫಿಯಾ ನಾಯಕ ಜೋ ಕೊಲಂಬೊ. ಅವನೂ ಅಂಥದೇ ಸಂಘ ಕಟ್ಟಿದ್ದ, 1971ರ ಜೂನ್‌ನಲ್ಲಿ ತನ್ನದೇ ರ‍್ಯಾಲಿಯಲ್ಲಿ ಗುಂಡೇಟು ತಿಂದ. ಮೊದಲ ‘ಗಾಡ್‌ಫಾದರ್’ ಶೂಟಿಂಗ್‌ಗೆ ಅಡ್ಡಿ ಮಾಡಿ, ಚಿತ್ರಕಥೆಯಿಂದ ‘ಮಾಫಿಯಾ’ ಎಂಬ ಪದವನ್ನೇ ತೆಗೆಸಿದ್ದು ಇದೇ ಕೊಲಂಬೊ ಸಂಘ.

ಇನ್ನು ಕೆಲವು ಚುರುಕಾಗಿ. ಲಿಟಲ್ ಇಟಲಿಯ ದೃಶ್ಯದಲ್ಲಿ ಒಂದು ಕ್ಷಣ ಬಂದು ಹೋಗುವ ಹಿರಿಯ ಹೆಂಗಸು ಮಾರ್ಟಿನ್ ಸ್ಕೋರ್ಸೆಸೆಯ ತಾಯಿ ಕ್ಯಾಥರೀನ್. ಅದೇ ವರ್ಷ ಮಗನ ‘ಗುಡ್‌ಫೆಲಾಸ್’ನಲ್ಲೂ ಅವರು ನಟಿಸಿದ್ದರು. ಎರಡೂ ಚಿತ್ರಗಳು ಅತ್ಯುತ್ತಮ ಚಿತ್ರದ ಆಸ್ಕರ್ ಅನ್ನು ‘ಡ್ಯಾನ್ಸಸ್ ವಿತ್ ವುಲ್ವ್ಸ್’ಗೆ ಬಿಟ್ಟುಕೊಟ್ಟವು.

ಮೊದಲೆರಡು ಭಾಗಗಳ ಮೈಕೆಲ್‌ಗೆ ನಾಮನಿರ್ದೇಶನ ಪಡೆದ ಅಲ್ ಪಚೀನೊ ಮೂರನೆಯದಕ್ಕೆ ಪಡೆಯಲಿಲ್ಲ. ಆ ವರ್ಷ ಅವರು ಪಟ್ಟಿಯಲ್ಲಿದ್ದದ್ದು ‘ಡಿಕ್ ಟ್ರೇಸಿ’ಯ ಕಾಮಿಕ್ಸ್ ಗ್ಯಾಂಗ್‌ಸ್ಟರ್ ಪಾತ್ರಕ್ಕೆ. ಆಸ್ಕರ್ ಮಂಡಳಿಯ ಈ ಆಯ್ಕೆಯನ್ನು ನಾನು ಇವತ್ತಿಗೂ ಒಪ್ಪಲಾರೆ.

ಮೊದಲೆರಡು ಭಾಗಗಳ ಕತ್ತಲೆ-ಬೆಳಕಿನಿಂದ ಸಿನಿಮಾದ ಛಾಯಾಗ್ರಹಣವನ್ನೇ ಬದಲಿಸಿದ ಗಾರ್ಡನ್ ವಿಲಿಸ್‌ಗೆ ಈ ಸರಣಿಯಲ್ಲಿ ನಾಮನಿರ್ದೇಶನ ಸಿಕ್ಕಿದ್ದು ಮೂರನೆಯದಕ್ಕೆ ಮಾತ್ರ.

ಮುದಿ ಡಾನ್ ಅಲ್ಟೊಬೆಲ್ಲೊ ಆಗಿ ಸಿಹಿ ಮಾತಾಡುತ್ತಲೇ ವಿಷ ಕಾರುವ ನಟ ಈಲೈ ವಾಲಕ್. ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’ಯ ಟುಕೊ ಇವರೇ. ಆ ಪಾತ್ರ ಸಾಯುವುದು ಕನೋಲಿ ಎಂಬ ಸಿಸಿಲಿಯ ಸಿಹಿತಿಂಡಿಯಲ್ಲಿ ಬೆರೆಸಿದ ವಿಷದಿಂದ.

ಹೊರಬಂದೆ ಅಂದುಕೊಂಡಾಗಲೇ ಮತ್ತೆ ಒಳಗೆಳೆಯುತ್ತಾರೆ ಎಂದು ಮೈಕೆಲ್ ಅಡುಗೆಮನೆಯಲ್ಲಿ ಕೂಗಾಡುವ ಮಾತು ಜನರ ಬಾಯಲ್ಲಿ ಉಳಿದಿದೆಯಲ್ಲ, ಅದು ಮೂರನೆಯ ಭಾಗದ್ದು. ‘ದ ಸೊಪ್ರಾನೋಸ್’ ಧಾರಾವಾಹಿಯಲ್ಲಿ ಸಿಲ್ವಿಯೊ ಎಂಬ ಪಾತ್ರ ಗೆಳೆಯರ ಮುಂದೆ ಅನುಕರಿಸುವುದು ಈ ಮಾತನ್ನೇ.

ನ್ಯೂಯಾರ್ಕಿನ ಮಲ್ಬರಿ ಬೀದಿಯ ಹಳೆಯ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನ ಒಳಗೆ ಮೊದಲ ಭಾಗದಲ್ಲಿ ಮೈಕೆಲ್ ಸೈತಾನನನ್ನು ತೊರೆಯುವುದಾಗಿ ಪ್ರತಿಜ್ಞೆ ಮಾಡುತ್ತಾನೆ, ಹೊರಗೆ ಅವನ ಜನ ಕೊಲೆ ಮಾಡುತ್ತಿರುತ್ತಾರೆ. ಮೂರನೆಯ ಭಾಗದಲ್ಲಿ ಅವನು ಪೋಪರ ಹೆಸರಿನಲ್ಲಿ ಪದಕ ಪಡೆಯುವುದನ್ನು ತೆಗೆದದ್ದೂ ಅದೇ ಚರ್ಚಿನಲ್ಲಿ. ಆ ದಿನ ಅವನು ಸಿಸಿಲಿಯ ಬಡವರಿಗೆಂದು ಕೊಡುವ ಚೆಕ್ಕು 10 ಕೋಟಿ ಡಾಲರಿನದು.

ಮೊದಲ ಭಾಗದಲ್ಲಿ ಮೈಕೆಲ್‌ನ ಸಿಸಿಲಿಯ ಹೆಂಡತಿ ಅಪೊಲೋನಿಯಾ ಕಾರ್ ಬಾಂಬಿಗೆ ಬಲಿಯಾದ ಅಂಗಳ ನೆನಪಿದೆಯೇ? ಎಟ್ನಾ ಬೆಟ್ಟದ ಸೀಮೆಯ ಫ್ಯೂಮೆಫ್ರೆಡ್ಡೊ ಊರಿನ ಕಾಸ್ತೆಲ್ಲೊ ದೆಲ್ಯಿ ಸ್ಕ್ಯಾವಿ ಎಂಬ ಹಳೆಯ ಬಂಗಲೆ ಅದು. ಮೂರನೆಯ ಭಾಗದ ಕೊನೆಯಲ್ಲಿ ಮುದಿ ಮೈಕೆಲ್ ಕುರ್ಚಿಯಲ್ಲಿ ಒಂಟಿಯಾಗಿ ಕೂರುವುದೂ ಅಲ್ಲಿಯೇ.

ಚಿತ್ರದ ಕೊನೆಯ ಅರ್ಧ ಗಂಟೆಗೆ ಬರೋಣ. ಮೂರನೆಯ ಭಾಗ ಮೊದಲೆರಡರ ಎತ್ತರಕ್ಕೆ ಏರುವುದು ಇಲ್ಲಿ. ಮೈಕೆಲ್‌ನ ಮಗ ಆ್ಯಂಟನಿ ಹಾಡುವ ಆಪೆರಾ ಪಿಯೆತ್ರೊ ಮಸ್ಕಾನಿಯ ‘ಕವಲೇರಿಯಾ ರುಸ್ಟಿಕಾನಾ’. ರೋಮ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆದದ್ದು 1890ರ ಮೇ 17ರಂದು, ಅಂದರೆ ಚಿತ್ರ ಬರುವಾಗ ಅದಕ್ಕೆ ಸರಿಯಾಗಿ ನೂರು ವರ್ಷ. ಸಿಸಿಲಿಯ ಹಳ್ಳಿಯಲ್ಲಿ ಈಸ್ಟರ್ ದಿನ ನಡೆಯುವ ಮಾನದ ಕೊಲೆ ಅದರ ಕಥೆ. ಅದರಲ್ಲಿ ತುರಿದ್ದು ಎನ್ನುವವನು ಎದುರಾಳಿಯ ಕಿವಿ ಕಚ್ಚಿ ಕಾಳಗಕ್ಕೆ ಕರೆಯುತ್ತಾನೆ. ಈ ಚಿತ್ರದ ಶುರುವಿನಲ್ಲಿ ವಿನ್ಸೆಂಟ್ ಜೋಯಿ ಝಾಸಾನ ಕಿವಿ ಕಚ್ಚಿದ್ದು ಯಾಕೆಂದು ಆಗ ಹೊಳೆಯುತ್ತದೆ. ಎರಡು ಗಂಟೆ ಮೊದಲೇ ಕೊಪೊಲಾ ಆಪೆರಾದ ಬೀಜ ಬಿತ್ತಿದ್ದರು. ಆ್ಯಂಟನಿಯಾಗಿ ನಟಿಸಿದ ಫ್ರಾಂಕ್ ಡಾಂಬ್ರೋಸಿಯೊ ನಿಜವಾದ ಗಾಯಕರು, ದನಿ ಅವರದೇ.

ಹೊರಗಿನ ಆ ಮೆಟ್ಟಿಲುಗಳು ಪಾಲೆರ್ಮೊದ ಟಿಯಾಟ್ರೊ ಮಾಸಿಮೊ ಆಪೆರಾ ಮಂದಿರದ್ದು. ದುರಸ್ತಿಗೆಂದು 1974ರಲ್ಲಿ ಮುಚ್ಚಿದ ಆ ಮಂದಿರ ಮತ್ತೆ ತೆರೆದದ್ದು 1997ರಲ್ಲಿ. ಕೊಪೊಲಾ ಅಲ್ಲಿ ಕ್ಯಾಮೆರಾ ಇಟ್ಟಾಗ ಒಳಗೆ ಹಾಡು ನಿಂತು ಹದಿನೈದು ವರ್ಷ ದಾಟಿತ್ತು.

ಮಗಳು ಬಿದ್ದಾಗ ಮೈಕೆಲ್ ಬಾಯಿ ತೆರೆದು ಚೀರುತ್ತಾನೆ, ದನಿ ಕೇಳಿಸುವುದಿಲ್ಲ. ಸೆಟ್‌ನಲ್ಲಿ ಪಚೀನೊ ಗಂಟಲು ಹರಿಯುವಂತೆ ಕೂಗಿದ್ದರು. ಸಂಕಲನಕಾರ ವಾಲ್ಟರ್ ಮರ್ಚ್ ಆ ದನಿಯನ್ನು ತೆಗೆದು, ಮಸ್ಕಾನಿಯ ಸಂಗೀತವನ್ನು ಮಾತ್ರ ಉಳಿಸಿದರು. ಕೊನೆಗೆ ಉಸಿರು ತುಂಬಿಕೊಂಡು ಹೊರಡುವ ಒಂದು ಕೂಗು ಮಾತ್ರ ನಮಗೆ ಕೇಳುತ್ತದೆ. ಮೂರೂ ಚಿತ್ರಗಳಲ್ಲಿ ಮೈಕೆಲ್ ತನ್ನ ಮುಖದ ಮೇಲೆ ಸುಲಭಕ್ಕೆ ಏನನ್ನೂ ತೋರಗೊಡದೆ ಬದುಕಿದವನು. ಅವನ ಒಳಗಿದ್ದದ್ದೆಲ್ಲ ಹೊರಬರುವುದು ಇದೊಂದೇ ಸಲ. ಕಳಪೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಚಿತ್ರದಲ್ಲಿ ಇಂಥ ನಟನೆ ಇದೆ. ಮರ್ಚ್ ಅವರಿಗೆ ಆ ವರ್ಷ ಸಂಕಲನಕ್ಕೆ ಎರಡು ನಾಮನಿರ್ದೇಶನ: ಇದಕ್ಕೊಂದು, ‘ಘೋಸ್ಟ್’ಗೊಂದು.

ಅದಕ್ಕೂ ಮುಂಚೆ ಬರುವ ತಪ್ಪೊಪ್ಪಿಗೆಯ ದೃಶ್ಯವನ್ನು ಬಿಟ್ಟು ಈ ಚಿತ್ರದ ಬಗ್ಗೆ ಯಾರೂ ತೀರ್ಪು ಕೊಡಬಾರದು. ಮೈಕೆಲ್‌ಗೆ ಸಕ್ಕರೆ ಕಾಯಿಲೆ. ಕಾರ್ಡಿನಲ್ ಲಂಬೆರ್ತೊ ಎದುರು ಕೂತಾಗ ರಕ್ತದ ಸಕ್ಕರೆ ಇಳಿದು ಕಿತ್ತಳೆ ರಸ ಕೇಳಿ ಕುಡಿಯುತ್ತಾನೆ. ಕಾರ್ಡಿನಲ್ ಕಾರಂಜಿಯಿಂದ ಕಲ್ಲೊಂದನ್ನು ಎತ್ತಿ ಒಡೆದು ತೋರಿಸುತ್ತಾರೆ: ವರ್ಷಗಟ್ಟಲೆ ನೀರಿನಲ್ಲಿದ್ದರೂ ಒಳಗೆ ಒಣಗಿದೆ. ಆಮೇಲೆ ಮೈಕೆಲ್ ಅಣ್ಣ ಫ್ರೆಡೊನನ್ನು ಕೊಲ್ಲಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾನೆ, ಅಳುತ್ತಾನೆ. ಎರಡನೆಯ ಭಾಗ ಮುಗಿದಾಗ ಸರೋವರದ ದಡದಲ್ಲಿ ಒಂಟಿಯಾಗಿ ಕೂತಿದ್ದ ಆ ಮನುಷ್ಯ ಏನನ್ನು ಯೋಚಿಸುತ್ತಿದ್ದ ಎಂದು 16 ವರ್ಷ ಕೇಳಿಕೊಂಡವರಿಗೆ ಉತ್ತರ ಸಿಗುವುದು ಇಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆ ಪೂರ್ತಿ ಕಣ್ಣಿಗೆ ಕಾಣುವುದು ಮೂರನೆಯ ಭಾಗದಲ್ಲಿ ಮಾತ್ರ. ಮೊದಲೆರಡರಲ್ಲಿ ಮಾಡಿದ್ದು ಇದೆ, ಉಂಡದ್ದು ಇಲ್ಲ.

ನಮ್ಮ ಕಡೆಯ ಒಂದು ಮಾತು. ‘ಗಾಡ್‌ಫಾದರ್’ ಪ್ರೇರಣೆಯಿಂದ 1975ರಲ್ಲಿ ಬಂದ ಹಿಂದಿ ಚಿತ್ರ ‘ಧರ್ಮಾತ್ಮ’ದ ನಿರ್ಮಾಪಕ, ನಿರ್ದೇಶಕ ಮತ್ತು ನಾಯಕ ಫಿರೋಜ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಆ ಚಿತ್ರದ ಒಂದಷ್ಟು ಭಾಗದ ಶೂಟಿಂಗ್ ಅಫ್ಘಾನಿಸ್ತಾನದಲ್ಲಿ ನಡೆದಿತ್ತು. ‘ಧರ್ಮಾತ್ಮ’ದಿಂದ ತಮಿಳಿನ ‘ನಾಯಗನ್’ (1987), ಹಿಂದಿಯ ‘ಸರ್ಕಾರ್’ವರೆಗೆ (2005) ನಮ್ಮವರು ಮುಖ್ಯವಾಗಿ ತೆಗೆದುಕೊಂಡದ್ದು ಅಪ್ಪ-ಮಕ್ಕಳ, ಏಳಿಗೆಯ, ಸೇಡಿನ ಕಥೆಯನ್ನು. ಪಶ್ಚಾತ್ತಾಪದ ಮೈಕೆಲ್ ನಮ್ಮ ಸಿನಿಮಾದವರನ್ನು ಅಷ್ಟಾಗಿ ಸೆಳೆಯಲಿಲ್ಲ.

2020ರ ಡಿಸೆಂಬರ್‌ನಲ್ಲಿ ಕೊಪೊಲಾ ಚಿತ್ರವನ್ನು ಮತ್ತೆ ಸಂಕಲನ ಮಾಡಿ ಬಿಡುಗಡೆ ಮಾಡಿದರು. ಹೆಸರು ‘ದ ಗಾಡ್‌ಫಾದರ್ ಕೋಡಾ: ದ ಡೆತ್ ಆಫ್ ಮೈಕೆಲ್ ಕಾರ್ಲಿಯೋನೆ’. 30 ವರ್ಷದ ನಂತರ ಅವರ ಹೆಸರು ಅವರಿಗೆ ಸಿಕ್ಕಿತು. ಕೆಲವೇ ನಿಮಿಷ ಕಡಿಮೆಯಾದರೂ ನಡಿಗೆ ಬದಲಾಗಿದೆ. 1990ರಲ್ಲಿ ಚಿತ್ರ ತೆರೆದುಕೊಳ್ಳುತ್ತಿದ್ದದ್ದು ಟಾಹೊ ಸರೋವರದ ದಡದ ಪಾಳುಬಿದ್ದ ಮನೆಯಿಂದ. ಹೊಸದರಲ್ಲಿ ಮೊದಲೇ ಆರ್ಚ್‌ಬಿಷಪ್ ಮೈಕೆಲ್ ಎದುರು ಕೂತು ಬ್ಯಾಂಕಿನ ನಷ್ಟ ಹೇಳಿಕೊಳ್ಳುತ್ತಾರೆ. ಹಣದ ಕಥೆ ಇದರಿಂದ ಎಷ್ಟೋ ತಿಳಿಯಾಗಿದೆ. ಆದರೆ ಹೆಸರಿನಲ್ಲಿ ಸಾವಿದ್ದರೂ ಹೊಸ ಆವೃತ್ತಿಯಲ್ಲಿ ಮೈಕೆಲ್ ಸಾಯುವುದನ್ನು ತೋರಿಸುವುದಿಲ್ಲ! ಹಳೆಯದರಲ್ಲಿ ಕೈಯಿಂದ ಕಿತ್ತಳೆ ಹಣ್ಣು ಜಾರಿ, ಕುರ್ಚಿಯಿಂದ ಉರುಳಿ ಸಾಯುತ್ತಿದ್ದ. ಹೊಸದರಲ್ಲಿ ಕೂತೇ ಇರುತ್ತಾನೆ, ನೂರು ವರ್ಷ ಬಾಳೆಂದು ಹರಸುವ ಸಿಸಿಲಿಯವರು ಯಾವುದನ್ನೂ ಮರೆಯುವವರಲ್ಲ ಎಂಬರ್ಥದ ಸಾಲು ತೆರೆಯ ಮೇಲೆ ಬರುತ್ತದೆ. ಮಗಳನ್ನು ಕಳೆದುಕೊಂಡ ನೆನಪಿನೊಂದಿಗೆ ದೀರ್ಘಾಯುಷ್ಯ ಪಡೆಯುವುದೇ ಅವನಿಗಾದ ಶಿಕ್ಷೆ. ಕೊಪೊಲಾ 1990ಕ್ಕಿಂತ ಹೆಚ್ಚು ಕಟುವಾದ ತೀರ್ಪನ್ನು 81ನೆಯ ವಯಸ್ಸಿನಲ್ಲಿ ಕೊಟ್ಟರು. ಎರಡರಲ್ಲಿ ಸರಿಯಾದದ್ದು ಇದೇ ಎಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯ ಭಾಗದ ಮಾತೂ ನಡೆದಿತ್ತು. ಎರಡನೆಯ ಭಾಗದಂತೆ ಎರಡು ಕಾಲ ಹೆಣೆದು, ಒಂದೆಡೆ ಹಿಂದಿನ ತಲೆಮಾರಿನ ಕಥೆ, ಇನ್ನೊಂದೆಡೆ ವಿನ್ಸೆಂಟ್‌ನ ಪತನ ತೋರಿಸುವ ಯೋಚನೆ. 1999ರ ಜುಲೈ 2ರಂದು ಪುಜೊ ತೀರಿಕೊಂಡರು, ಅವರಿಲ್ಲದೆ ಮಾಡಲಾರೆ ಎಂದು ಕೊಪೊಲಾ ಕೈಬಿಟ್ಟರು.

ಇದುವರೆಗೆ ಮೂರನೆಯ ಭಾಗ ನೋಡದವರು 2020ರ ಆವೃತ್ತಿಯನ್ನೇ ಮೊದಲು ನೋಡಿ. ಎರಡನೆಯ ಭಾಗ ಮುಗಿಸಿದ ರಾತ್ರಿಯೇ ನೋಡಬೇಡಿ, ಒಂದಷ್ಟು ದಿನ ಬಿಡಿ. ಹಿಂದೆ ನೋಡಿ ಬೇಸರಪಟ್ಟವರು ಟಾಹೊದ ಪಾಳು ಮನೆಗಾಗಿ ಹಳೆಯದನ್ನೂ ಇನ್ನೊಮ್ಮೆ ಹಾಕಿ, ಎರಡರ ಕೊನೆಯ ಹತ್ತು ನಿಮಿಷವನ್ನು ಪಕ್ಕಪಕ್ಕ ಇಟ್ಟು ನೋಡಿ.